ಭೂಮಿಗೆ ತಗುಲಿದ ಶಾಪ: ಸ್ವರ್ಗಚ್ಯುತಿಯ ಕಥೆಗಳೂ ಸಂಡೂರಿನ ಬೆಟ್ಟಗಳೂ

ಸಂಡೂರಿನ ಬೆಟ್ಟಸಾಲಿನ ಬಗ್ಗೆ ಬಳ್ಳಾರಿಯಲ್ಲಿ ಮಾತು ಶುರುವಾದರೆ ಅದು ಬಹಳ ಬೇಗ ಸ್ವರ್ಗದ ಪ್ರಸ್ತಾಪಕ್ಕೆ ಬರುತ್ತದೆ. ಒಂದು ಕಾಲಕ್ಕೆ ಇದು ಸ್ವರ್ಗದಂತಿತ್ತು, ಸೆಪ್ಟೆಂಬರ್ ತಿಂಗಳಿನಲ್ಲಿ ಸಂಡೂರನ್ನು ನೋಡಬೇಕೆಂದು ಗಾಂಧೀಜಿಯವರೇ ಹೇಳಿದ್ದರೆಂಬ ಪ್ರತೀತಿಯಿದೆ, ಆಮೇಲೆ ಗಣಿ ಬಂತು, ಧೂಳು ಬಂತು, ಎಲ್ಲವೂ ಹೋಯಿತು ಎಂಬಲ್ಲಿಗೆ ಆ ಮಾತು ತಲುಪುತ್ತದೆ. ಯಾಕೆ ಹೋಯಿತೆಂದು ಕೇಳಿದಾಗ ಸಿಗುವ ಉತ್ತರಗಳು ಎರಡೇ: ಕಾಲ ಕೆಟ್ಟಿತು ಎಂಬುದು ಮೊದಲನೆಯದು, ಮನುಷ್ಯನ ದುರಾಸೆ ಎಂಬುದು ಎರಡನೆಯದು. ಎರಡರಲ್ಲೂ ದುಃಖವಿದೆ, ಆದರೆ ಎರಡರಲ್ಲೂ ಒಬ್ಬ ಕರ್ತೃವಿನ ಹೆಸರೂ ಇಲ್ಲ. ಹಾಡುಹಗಲೇ, ಪರ್ಮಿಟ್ಟು, ಲಾರಿ, ಬಂದರು, ಹಡಗುಗಳ ಮೂಲಕ ನಡೆದ ಒಂದು ಕೃತ್ಯವನ್ನು ವಿವರಿಸಲು ನಾವು ಸ್ವರ್ಗದಿಂದ ಬಿದ್ದ ಕಥೆಯ ಚೌಕಟ್ಟನ್ನು ಬಳಸುತ್ತಿದ್ದೇವೆ. ಹಾಗೆ ಬಳಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕಥೆಗಳು ನಿಜಕ್ಕೂ ಏನು ಹೇಳುತ್ತವೆ ಎಂಬುದನ್ನು ಓದದೆ ಬಳಸುತ್ತಿದ್ದೇವೆ ಎಂಬುದೇ ನನ್ನ ತಕರಾರು.

ಘಟನಾವಳಿ ಈಚಿನದೇ ಆದ್ದರಿಂದ ಚಿಕ್ಕದಾಗಿ ನೆನಪಿಸಿದರೆ ಸಾಕು. ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತರ ವರದಿ 2011ರ ಜುಲೈ ತಿಂಗಳಿನಲ್ಲಿ ಸರ್ಕಾರದ ಕೈಸೇರಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಗಣಿ ಗುತ್ತಿಗೆಗಳನ್ನು ಉಲ್ಲಂಘನೆಯ ತೂಕಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದ ವ್ಯವಸ್ಥೆಯನ್ನು ಕೋರ್ಟ್ ಒಪ್ಪಿ, ಘೋರ ಉಲ್ಲಂಘನೆಯ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು, ವಾರ್ಷಿಕ ಉತ್ಪಾದನೆಗೆ ಮಿತಿ ಹಾಕಿತು. ಆ ಮಿತಿ 2022ರಲ್ಲಿ ಬಳ್ಳಾರಿಯ ಮಟ್ಟಿಗೆ 3.5 ಕೋಟಿ ಟನ್ನಿಗೆ ಏರಿತು. ಹಾಳಾದ ಪ್ರದೇಶದ ಪುನಶ್ಚೇತನಕ್ಕೆಂದು ಸಂಗ್ರಹವಾಗಿರುವ ಸಾವಿರಾರು ಕೋಟಿ ರೂಪಾಯಿಗಳನ್ನು ಯಾರಿಗಾಗಿ, ಎಲ್ಲಿ ಖರ್ಚು ಮಾಡಬೇಕೆಂಬುದು ಇಂದಿನ ಪ್ರಶ್ನೆ. ಹೊಸ ಗಣಿ ಬ್ಲಾಕುಗಳಿಗಾಗಿ ಇನ್ನಷ್ಟು ಕಾಡು ಕಡಿಯಬೇಕೇ ಎಂಬುದು ಅದರ ಬೆನ್ನಿಗಿರುವ ಇನ್ನೊಂದು ಪ್ರಶ್ನೆ. ಬಿದ್ದವರು ಯಾರು, ಬೀಳಿಸಿದವರು ಯಾರು, ಬಿದ್ದದ್ದರ ಬೆಲೆ ತೆತ್ತವರು ಯಾರು ಎಂಬುದನ್ನು ತೀರ್ಮಾನಿಸದೆ ಈ ಎರಡಕ್ಕೂ ಉತ್ತರ ಹೇಳಲಾಗದು.

ಬೈಬಲಿನ ಆದಿಕಾಂಡದ ಕಥೆಗೂ ಬಳ್ಳಾರಿಗೂ ಒಂದು ನೇರ ಸಂಬಂಧವಿದೆ. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರು, ಮುಂದೆ ಜತೆಗೂಡಿದ ವಿಲಿಯಂ ರೀವ್ ಅವರ ನೆರವಿನೊಂದಿಗೆ, ಬೈಬಲನ್ನು ಕನ್ನಡಕ್ಕೆ ತಂದದ್ದು ಇದೇ ಊರಿನಲ್ಲಿ ಕುಳಿತು. ಏದೆನ್ ತೋಟದ ಕಥೆ ಕನ್ನಡದ ಗದ್ಯವಾಗಿ ರೂಪುಗೊಂಡದ್ದು ಹೀಗೆ ನಮ್ಮ ನೆಲದಲ್ಲಿ. ಆ ಕಥೆಯನ್ನು ಹಣ್ಣು ತಿಂದ ಕಥೆಯೆಂದೇ ಎಲ್ಲರೂ ನೆನೆಯುತ್ತಾರೆ, ಆದರೆ ಮೂರನೆಯ ಅಧ್ಯಾಯದಲ್ಲಿ ಹಣ್ಣು ತಿನ್ನುವುದಕ್ಕೆ ಮೀಸಲಾದದ್ದು ಒಂದೇ ಒಂದು ವಚನ. ತಿಂದ ಮೇಲೆ ಏನಾಯಿತು ಎಂಬುದಕ್ಕೇ ಹೆಚ್ಚು ಜಾಗ ಸಂದಿದೆ. ಇಬ್ಬರೂ ಮರಗಳ ನಡುವೆ ಅಡಗಿಕೊಳ್ಳುತ್ತಾರೆ. ಎಲ್ಲಿದ್ದೀ ಎಂದು ದೇವರು ಕರೆದಾಗ, ನೀನು ಕೊಟ್ಟ ಹೆಂಗಸು ಕೊಟ್ಟಳು, ತಿಂದೆ ಎನ್ನುತ್ತಾನೆ ಆದಾಮ. ಸರ್ಪ ನನ್ನನ್ನು ವಂಚಿಸಿತು ಎನ್ನುತ್ತಾಳೆ ಹವ್ವ. ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತ ಹೋಗಿ, ಉತ್ತರ ಹೇಳುವ ಅವಕಾಶವೇ ಸಿಗದ ಜೀವಿಯ ತಲೆಯ ಮೇಲೆ ಕುಳಿತುಕೊಳ್ಳುತ್ತದೆ. ಗುತ್ತಿಗೆದಾರ ಸಾಗಣೆದಾರನತ್ತ, ಸಾಗಣೆದಾರ ಅಧಿಕಾರಿಯತ್ತ, ಅಧಿಕಾರಿ ಮೇಲಿನವರತ್ತ ಬೆರಳು ತೋರಿದ ವರ್ಷಗಳನ್ನು ಕಂಡ ನಮಗೆ ಈ ಸಂಭಾಷಣೆ ಹೊಸದೇನೂ ಅಲ್ಲ.

ಅದಕ್ಕಿಂತ ಮುಖ್ಯವಾದ ಮಾತು ಅಲ್ಲಿಂದ ಮುಂದಿದೆ. ಶಾಪ ಬೀಳುವುದು ಆದಾಮನ ಮೇಲಲ್ಲ. ಅವನ ನಿಮಿತ್ತವಾಗಿ ಭೂಮಿಯ ಮೇಲೆ. ಮುಳ್ಳೂ ಕಳೆಯೂ ಬೆಳೆಯುವುದು ಮಣ್ಣಿನಲ್ಲಿ. ಮಣ್ಣು ಯಾವ ಹಣ್ಣನ್ನೂ ತಿಂದಿರಲಿಲ್ಲ, ಯಾರ ಮಾತನ್ನೂ ಮೀರಿರಲಿಲ್ಲ. ಆದರೂ ಅದು ಬರಡಾಗಬೇಕಾಯಿತು. ಇನ್ನೊಂದು ವಿಷಯ: ದುಡಿಮೆಯೇ ಶಾಪವೆಂದು ಈ ಕಥೆಯನ್ನು ಓದುವವರು ಎರಡನೆಯ ಅಧ್ಯಾಯವನ್ನು ಮರೆಯುತ್ತಾರೆ. ತೋಟವನ್ನು ವ್ಯವಸಾಯ ಮಾಡಲು, ಕಾಯಲು ಮನುಷ್ಯನನ್ನು ಅಲ್ಲಿ ಇರಿಸಲಾಯಿತೆಂದು ಪತನಕ್ಕೆ ಮುಂಚೆಯೇ ಹೇಳಲಾಗಿದೆ. ಏದೆನಿನಲ್ಲೂ ಕೆಲಸವಿತ್ತು. ಗಣಿ ಬೇಡವೆಂದರೆ ದುಡಿಯುವವರ ಹೊಟ್ಟೆಗೆ ಹೊಡೆದಂತೆ ಎಂಬ ವಾದವನ್ನು ಎದುರಿಸುವಾಗ ಇದನ್ನು ನೆನಪಿಡಬೇಕು. ದುಡಿಮೆಯೇ ಇಲ್ಲದ ಸ್ವರ್ಗವನ್ನು ಆ ಗ್ರಂಥ ಎಲ್ಲೂ ಕೇಳಿಲ್ಲ. ದುಡಿಮೆಯ ಜತೆ ಕಾಯುವ ಕರ್ತವ್ಯವನ್ನೂ ಇಟ್ಟಿದೆ.

ಬೈಬಲಿನಲ್ಲಿ ಏದೆನಿನಿಂದ ಬಿದ್ದ ಇನ್ನೊಬ್ಬನೂ ಇದ್ದಾನೆ, ಅವನ ಕಥೆಯನ್ನು ಓದುವವರು ಕಡಿಮೆ. ಪ್ರವಾದಿ ಯೆಹೆಜ್ಕೇಲನ ಗ್ರಂಥದ 28ನೆಯ ಅಧ್ಯಾಯದಲ್ಲಿ ತೂರ್ ಎಂಬ ಬಂದರು ಪಟ್ಟಣದ ಅರಸನನ್ನು ಕುರಿತ ಶೋಕಗೀತೆಯಿದೆ. ನೀನು ದೇವರ ತೋಟವಾದ ಏದೆನಿನಲ್ಲಿದ್ದೆ, ರತ್ನಗಳಿಂದ ಭೂಷಿತನಾಗಿದ್ದೆ, ನಿರ್ದೋಷಿಯಾಗಿದ್ದೆ, ನಿನ್ನ ವ್ಯಾಪಾರ ಹೆಚ್ಚಿದಂತೆ ನಿನ್ನೊಳಗೆ ಹಿಂಸೆ ತುಂಬಿತು, ಆದ್ದರಿಂದ ನಿನ್ನನ್ನು ದೇವರ ಪರ್ವತದಿಂದ ತಳ್ಳಲಾಯಿತು ಎಂದು ಅದು ಹೇಳುತ್ತದೆ. ಇಲ್ಲಿ ಹೆಂಗಸೂ ಇಲ್ಲ, ಹಾವೂ ಇಲ್ಲ, ಇಡೀ ಮನುಕುಲದ ಪಾಪವೂ ಇಲ್ಲ. ಒಬ್ಬ ಅರಸ, ಅವನ ವ್ಯಾಪಾರ, ಆ ವ್ಯಾಪಾರದ ಅನ್ಯಾಯ ಇಷ್ಟೇ ಇವೆ. ಸಂಡೂರು, ಹೊಸಪೇಟೆಗಳಿಂದ ಹೊರಟ ಅದಿರು ಬೇಲೆಕೇರಿಯಂಥ ಬಂದರುಗಳ ಮೂಲಕ ಚೀನಾದ ಉಕ್ಕಿನ ಬೇಡಿಕೆಯನ್ನು ಹಿಂಬಾಲಿಸಿ ಹೋದ ದಶಕಕ್ಕೆ ಸರಿಹೊಂದುವ ಪತನದ ಕಥೆಯನ್ನು ಹುಡುಕುವುದಾದರೆ ನಾನು ಆದಾಮನಿಗಿಂತ ಮೊದಲು ಈ ಅರಸನನ್ನು ಆರಿಸುತ್ತೇನೆ.

ಕುರ್‌ಆನ್ ಇದೇ ಘಟನೆಯನ್ನು ಬೇರೆ ಬೆಳಕಿನಲ್ಲಿ ತೋರಿಸುತ್ತದೆ. ಭೂಮಿಯಲ್ಲಿ ಪ್ರತಿನಿಧಿಯೊಬ್ಬನನ್ನು ನೇಮಿಸುವೆನೆಂದು ಅಲ್ಲಾಹನು ಮಲಕ್‌ಗಳಿಗೆ, ಅಂದರೆ ದೇವದೂತರಿಗೆ, ಹೇಳುವುದು ಎರಡನೆಯ ಅಧ್ಯಾಯದಲ್ಲಿ, ಆದಮರು ತಪ್ಪು ಮಾಡುವುದಕ್ಕೆ ಮುಂಚೆ. ಅಂದರೆ ಮನುಷ್ಯನಿಗೆ ಭೂಮಿ ದಂಡನೆಯ ಜಾಗವಾಗಿ ಸಿಕ್ಕಿದ್ದಲ್ಲ, ಮೊದಲಿನಿಂದಲೂ ಅವನಿಗೆ ವಹಿಸಿದ ಹೊಣೆಯ ಜಾಗವೇ ಅದು. ಏಳನೆಯ ಅಧ್ಯಾಯದಲ್ಲಿ ಎರಡು ಉತ್ತರಗಳು ಹತ್ತಿರ ಹತ್ತಿರವೇ ಬರುತ್ತವೆ. ಆದಮರಿಗೆ ಬಾಗಲು ಒಪ್ಪದ ಇಬ್ಲೀಸ್, ಅಂದರೆ ಸೈತಾನ, ನೀನೇ ನನ್ನನ್ನು ದಾರಿ ತಪ್ಪಿಸಿದೆ ಎಂದು ದೇವರ ಮೇಲೆಯೇ ಹೊರಿಸುತ್ತಾನೆ. ಆದಮರೂ ಅವರ ಮಡದಿಯೂ ಒಟ್ಟಾಗಿ, ಪ್ರಭುವೇ, ನಮ್ಮ ಮೇಲೆ ನಾವೇ ಅನ್ಯಾಯ ಮಾಡಿಕೊಂಡೆವು ಎನ್ನುತ್ತಾರೆ. ಇಬ್ಬರೂ ಆಜ್ಞೆ ಮೀರಿದವರೇ. ಒಬ್ಬನನ್ನು ಶಪಿತನನ್ನಾಗಿ, ಇನ್ನೊಬ್ಬರನ್ನು ಕ್ಷಮೆ ಪಡೆದವರನ್ನಾಗಿ ಮಾಡಿದ್ದು ಅವರವರ ಉತ್ತರ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಲಾರರು ಎಂಬ ಮಾತನ್ನೂ ಆ ಗ್ರಂಥ ಒಂದಕ್ಕಿಂತ ಹೆಚ್ಚು ಕಡೆ ಹೇಳುವುದರಿಂದ, ಎಲ್ಲರೂ ಪಾಪಿಗಳೇ ಎಂದು ತೇಲಿಸಿಬಿಡುವ ಮಾತಿಗೆ ಅಲ್ಲಿ ಅವಕಾಶವಿಲ್ಲ.

ಕಾಲ ಕೆಟ್ಟಿತು ಎಂಬ ಮಾತಿಗೆ ಆಧಾರ ಹುಡುಕಿದರೆ ನಾವು ನಮ್ಮದೇ ಪುರಾಣಗಳಿಗೆ, ಅದರಲ್ಲೂ ಜೈನ ಪುರಾಣಗಳಿಗೆ ಬರುತ್ತೇವೆ. ಕವಿರಾಜಮಾರ್ಗದ ಕಾಲಕ್ಕೇ ಹೆಸರುವಾಸಿಯಾಗಿದ್ದ ಕೊಪಣ, ಅಂದರೆ ಇಂದಿನ ಕೊಪ್ಪಳ, ಜೈನರ ಮಹಾತೀರ್ಥವಾಗಿತ್ತು. ಜೈನರ ಕಾಲಚಕ್ರದಲ್ಲಿ ಸ್ವರ್ಗ ಕಳೆದುಹೋಗುವುದಕ್ಕೆ ಯಾರ ಪಾಪವೂ ಬೇಕಾಗಿಲ್ಲ. ಭೋಗಭೂಮಿಯಲ್ಲಿ ಬೇಕಾದದ್ದನ್ನೆಲ್ಲ ಕಲ್ಪವೃಕ್ಷಗಳೇ ಕೊಡುತ್ತಿದ್ದವು. ಇಳಿಗಾಲ ನಡೆದಂತೆ ಅವುಗಳ ಶಕ್ತಿ ಕುಂದಿತು, ಭೋಗಭೂಮಿ ದುಡಿದು ಬದುಕಬೇಕಾದ ಕರ್ಮಭೂಮಿಯಾಯಿತು. 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ಸ್ವರ್ಗದಲ್ಲೇ ಇರುವ ಲಲಿತಾಂಗನೆಂಬ ದೇವನಿಗೂ ಇದೇ ನಿಯಮ ತಪ್ಪಿದ್ದಲ್ಲ. ಅವನ ಕೊರಳ ಮಾಲೆ ಬಾಡುತ್ತದೆ, ಇನ್ನು ಆರು ತಿಂಗಳಲ್ಲಿ ಇಲ್ಲಿಂದ ಬೀಳಬೇಕೆಂದು ತಿಳಿದು ಅವನು ಕಂಗೆಡುತ್ತಾನೆ. ತಪ್ಪು ಮಾಡಿದವನ ಭಯ ಅದಲ್ಲ, ಆಯುಸ್ಸು ತೀರುತ್ತಿರುವವನ ಸಂಕಟ. ಕನ್ನಡದಲ್ಲಿ ಸ್ವರ್ಗಚ್ಯುತಿಯನ್ನು ಇಷ್ಟು ಹತ್ತಿರದಿಂದ ಕಂಡ ಕಾವ್ಯ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಹಾಗಾದರೆ ಕಾಲವೇ ಕಾರಣ ಎನ್ನುವವರಿಗೆ ಇಲ್ಲಿ ಸಮರ್ಥನೆ ಸಿಕ್ಕಂತಾಯಿತೇ? ಪುರಾಣದ ಮುಂದಿನ ಭಾಗವನ್ನು ಓದಿದರೆ ಸಿಗುವುದಿಲ್ಲ. ಕಲ್ಪವೃಕ್ಷಗಳು ಕಡಿಮೆಯಾದಾಗ ಜನರು ಅವುಗಳಿಗಾಗಿ ಜಗಳಕ್ಕಿಳಿಯುತ್ತಾರೆ; ಆಗ ಕುಲಕರರು, ಅಂದರೆ ಜನರಿಗೆ ಬಾಳುವೆಯ ಕ್ರಮ ಕಲಿಸಿದ ಆದಿಕಾಲದ ನಾಯಕರು, ಯಾರಿಗೆ ಯಾವ ಮರವೆಂದು ಸೀಮೆ ನಿಗದಿಪಡಿಸುತ್ತಾರೆ. ಸೀಮಂಕರ, ಸೀಮಂಧರ ಎಂದು ಆ ಕುಲಕರರಿಗೆ ಹೆಸರೇ ಇದೆ. ಮೀರಿದವರಿಗೆ ದಂಡನೆಯೂ ಆಗಲೇ ಹುಟ್ಟುತ್ತದೆ. ಮೊದಮೊದಲು ‘ಹಾ’ ಎಂಬ ಉದ್ಗಾರ ಸಾಕಾಗುತ್ತಿತ್ತು, ಆಮೇಲೆ ‘ಹಾ ಮಾ’ ಎನ್ನಬೇಕಾಯಿತು, ಕೊನೆಗೆ ‘ಹಾ ಮಾ ಧಿಕ್’ ಎಂದು ಧಿಕ್ಕರಿಸಬೇಕಾಯಿತು. ಮರಗಳು ಬಡವಾದದ್ದು ಕಾಲಧರ್ಮ, ನಿಜ. ಹಾಕಿದ ಗಡಿಯನ್ನು ದಾಟಿದ್ದು ದಾಟಿದವನ ಅಪರಾಧ ಎಂಬ ವಿವೇಕ ಈ ಕಥೆಯಲ್ಲಿದೆ. ಬಳ್ಳಾರಿಯಲ್ಲಿ ನಡೆದ ಅಕ್ರಮದ ತಿರುಳೇ ಗಡಿ ದಾಟುವುದಾಗಿತ್ತು. ಗುತ್ತಿಗೆಯ ಎಲ್ಲೆ ಮೀರಿ ಅಗೆಯುವುದು, ಅರಣ್ಯದೊಳಗೆ ಮಣ್ಣು ಸುರಿಯುವುದು, ಎರಡು ರಾಜ್ಯಗಳ ನಡುವಿನ ಗಡಿಗುರುತುಗಳನ್ನೇ ವಿವಾದಕ್ಕೀಡುಮಾಡುವುದು ಇವೆಲ್ಲ ಸೀಮೆಯ ಉಲ್ಲಂಘನೆಗಳು. ಸುಪ್ರೀಂ ಕೋರ್ಟ್ ಒಪ್ಪಿದ ಎ, ಬಿ, ಸಿ ವಿಂಗಡಣೆಯೂ ದಾಟಿದ ಗಡಿಯನ್ನು ಅಳೆದು ಹೊಣೆ ಹೊರಿಸುವ ಕ್ರಮವೇ. ಕಾಲ ಕೆಟ್ಟಿತು ಎಂದು ಸುಮ್ಮನಿರುವುದಕ್ಕೆ ಜೈನ ಪುರಾಣವೂ ಬಿಡುವುದಿಲ್ಲ.

ಹಂಪೆಯ ಹರಿಹರನ ಬಸವರಾಜದೇವರ ರಗಳೆ ಆರಂಭವಾಗುವುದು ಕೈಲಾಸದಲ್ಲಿ. 2021ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ಹಂಪೆ ಬಳ್ಳಾರಿಯದೇ ಆಗಿತ್ತು, ಆದ್ದರಿಂದ ಈ ಕವಿಯನ್ನು ನಮ್ಮವನೆಂದು ಕರೆದುಕೊಳ್ಳಲು ನಮಗೆ ಹಕ್ಕಿದೆ. ಶಿವನು ಹೂವಿನ ಪ್ರಸಾದವನ್ನು ವೃಷಭಮುಖನೆಂಬ ತನ್ನ ಗಣದವನ ಕೈಗೆ ಕೊಟ್ಟು ಎಲ್ಲರಿಗೂ ಹಂಚೆನ್ನುತ್ತಾನೆ. ಹಂಚುವಾಗ ಷಣ್ಮುಖನೊಬ್ಬನಿಗೆ ಕೊಡುವುದು ಮರೆತುಹೋಗುತ್ತದೆ. ಎಲ್ಲರಿಗೂ ಮುಟ್ಟಿತೇ ಎಂಬ ಪ್ರಶ್ನೆ ಬಂದಾಗ ಮುಟ್ಟಿತು ಎನ್ನುತ್ತಾನೆ ವೃಷಭಮುಖ. ನನಗೆ ಮುಟ್ಟಲಿಲ್ಲವೆಂದು ಷಣ್ಮುಖ ಹೇಳುತ್ತಾನೆ. ಆ ಒಂದು ಸುಳ್ಳಿಗಾಗಿ ವೃಷಭಮುಖ ಮರ್ತ್ಯಕ್ಕಿಳಿದು ಬಸವಣ್ಣನಾಗಿ ಹುಟ್ಟಬೇಕಾಗುತ್ತದೆ. ಮರೆವು ಸಣ್ಣದು, ಆದರೆ ಹಂಚಿಕೆಯ ಲೆಕ್ಕ ಕೇಳಿದಾಗ ಕೊಟ್ಟ ತಪ್ಪು ಉತ್ತರ ಸಣ್ಣದಲ್ಲ. ಆ ಮರ್ತ್ಯದ ಬದುಕನ್ನು ಹರಿಹರ ತುಂಬಿರುವುದು ಶರಣರಿಗೆ ಎಡೆಬಿಡದೆ ನೀಡುವುದರಿಂದ. ಹಂಚುವಲ್ಲಿ ತಪ್ಪಿದವನು ಹಂಚುತ್ತಲೇ ಆ ತಪ್ಪನ್ನು ತೀರಿಸುತ್ತಾನೆಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಕೈಲಾಸದ ಹಂಚಿಕೆಯಲ್ಲಿ ಪಾಲು ತಪ್ಪಿದ ಆ ಷಣ್ಮುಖನೇ ಕುಮಾರಸ್ವಾಮಿಯಾಗಿ ಸಂಡೂರಿನ ಬೆಟ್ಟದಲ್ಲಿ, ಪಾರ್ವತಿಯ ಪುರಾತನ ಗುಡಿಯ ಪಕ್ಕದಲ್ಲಿ, ಗಣಿಗಳ ನಡುವೆ ನೆಲೆಸಿದ್ದಾನೆ.

ಇಲ್ಲಿ ಇಂಗ್ಲಿಷ್ ಕವಿ ಮಿಲ್ಟನ್ನನ ಮಾತು ಬರಬೇಕು. ದೃಷ್ಟಿ ಕಳೆದುಕೊಂಡ ಮೇಲೆ ಅವನು ಬರೆಸಿದ ಪ್ಯಾರಡೈಸ್ ಲಾಸ್ಟ್ ಮಹಾಕಾವ್ಯ 1667ರಲ್ಲಿ ಪ್ರಕಟವಾಯಿತು. ಅದರ ಮೊದಲನೆಯ ಸಂಧಿಯಲ್ಲಿ ಮ್ಯಾಮನ್ ಎಂಬ ಪತಿತ ದೂತ ಬರುತ್ತಾನೆ. ಸ್ವರ್ಗದಲ್ಲಿದ್ದಾಗಲೂ ಅವನ ಕಣ್ಣು ಮೇಲೆ ಹೋಗಿದ್ದಿಲ್ಲ. ಕಾಲಡಿಯ ಚಿನ್ನದ ನೆಲಗಟ್ಟನ್ನೇ ಅದು ನೋಡುತ್ತಿತ್ತು. ನರಕಕ್ಕೆ ಬಿದ್ದ ಕೂಡಲೇ ಅವನ ತಂಡ ಮಾಡುವ ಮೊದಲ ಕೆಲಸ ಬೆಟ್ಟವೊಂದರಲ್ಲಿ ದೊಡ್ಡ ಗಾಯ ತೆರೆದು ಚಿನ್ನ ತೆಗೆಯುವುದು. ಮನುಷ್ಯರೂ ಅವನಿಂದಲೇ ಕಲಿತು ತಾಯಿಯಾದ ಭೂಮಿಯ ಒಡಲನ್ನು ದೋಚಿದರು, ಅಲ್ಲಿ ಅಡಗಿದ್ದದ್ದು ಅಡಗಿಯೇ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಕವಿ ಸೇರಿಸುತ್ತಾನೆ. ಒಂಬತ್ತನೆಯ ಸಂಧಿಯಲ್ಲಿ ನಮ್ಮ ಸೀಮೆಯ ಹೆಸರೇ ಬರುತ್ತದೆ. ತಿಂದು ನಾಚಿದ ಆದಾಮ, ಹವ್ವ ಮೈಮುಚ್ಚಲು ಎಲೆ ಹುಡುಕುವ ಮರ, ಮಲಬಾರಿನಲ್ಲೋ ದಖ್ಖನಿನಲ್ಲೋ ಕೊಂಬೆ ಚಾಚಿ, ಬಿಳಲು ನೆಲಕ್ಕಿಳಿಸಿ, ತಾಯಿಮರದ ಸುತ್ತ ಮಗಳುಮರಗಳನ್ನು ಬೆಳೆಸುವ ಮರವೆಂದು ಅವನು ವರ್ಣಿಸುತ್ತಾನೆ. ಅದು ಆಲದ ಮರವಲ್ಲದೆ ಬೇರೆಯಲ್ಲ. ಅದರ ಎಲೆ ಗುರಾಣಿಯಷ್ಟು ಅಗಲವೆಂದದ್ದು ನೋಡದೆ ಬರೆದವನ ಊಹೆ. ತಪ್ಪು ಮಾಡಿದವರು ಉತ್ತರ ಕೊಡುವ ಮುನ್ನ ಅವಿತುಕೊಳ್ಳಲು ಹೊರಡುವ ಗಳಿಗೆಯಲ್ಲೇ ದಖ್ಖನ್ ಆ ಕಾವ್ಯವನ್ನು ಪ್ರವೇಶಿಸುತ್ತದೆ ಎಂಬುದನ್ನು ಮಾತ್ರ ನಾನು ಮರೆಯಲಾರೆ.

ಆದರೆ ಮಿಲ್ಟನ್ನನ ಜತೆ ಕೊನೆಯವರೆಗೂ ಹೋಗಲು ನನಗೆ ಸಾಧ್ಯವಾಗುವುದಿಲ್ಲ. ಕಾವ್ಯದ ಅಂತ್ಯದಲ್ಲಿ ದೇವದೂತ ಮೈಕೇಲ, ನಿನ್ನೊಳಗೇ ಇನ್ನೂ ಸುಖಮಯವಾದ ಸ್ವರ್ಗವೊಂದನ್ನು ಪಡೆಯುವೆ ಎಂದು ಆದಾಮನನ್ನು ಸಮಾಧಾನಪಡಿಸುತ್ತಾನೆ. ಅದಕ್ಕೂ ಮುಂಚೆ, ಪ್ರಳಯದಲ್ಲಿ ಏದೆನಿನ ಬೆಟ್ಟವೇ ಕೊಚ್ಚಿಹೋಗಿ ಬೋಳು ದ್ವೀಪವಾಗುವುದೆಂದು ತೋರಿಸಿ, ಮನುಷ್ಯರು ತಾರದಿದ್ದರೆ ಯಾವ ಸ್ಥಳಕ್ಕೂ ಪಾವಿತ್ರ್ಯವಿಲ್ಲವೆನ್ನುತ್ತಾನೆ. ಆಧ್ಯಾತ್ಮಿಕವಾಗಿ ಇದು ಎತ್ತರದ ಮಾತು. ಕೊಪ್ಪಳದ ಆನೆಗುಂದಿ ಕಡೆಯವರಿಗೆ ಇದು ಒಪ್ಪಿತವಾಗುವುದು ಕಷ್ಟ. ಅಂಜನಾದ್ರಿಯ ಅಂಜನೆ ಪುಂಜಿಕಸ್ಥಲೆಯೆಂಬ ಅಪ್ಸರೆಯಾಗಿದ್ದು, ಶಾಪದಿಂದ ವಾನರಿಯಾದಳೆಂದು ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡ ಹೇಳುತ್ತದೆ. ಸ್ವರ್ಗದಿಂದ ಬಿದ್ದವಳು ಇಲ್ಲಿ ಬೆಟ್ಟವೊಂದರಲ್ಲಿ ಕಾಲೂರಿ, ಹನುಮಂತನ ತಾಯಿಯಾಗಿ, ಆ ಬೆಟ್ಟಕ್ಕೇ ಹೆಸರು ಕೊಟ್ಟಳು. ಇಲ್ಲಿನ ಭಕ್ತರಿಗೆ ಜಾಗವೇ ಮುಖ್ಯ, ಕಲ್ಲೇ ಮುಖ್ಯ. ಒಳಗಿನ ಸ್ವರ್ಗ ಎಷ್ಟೇ ಹಿರಿದಾದರೂ ಸಂಡೂರಿನ ನಾರಿಹಳ್ಳಕ್ಕೆ ಮಳೆಗಾಲದಲ್ಲಿ ಹರಿದು ಬರುವ ಕೆಂಪು ನೀರನ್ನು ಅದು ತಿಳಿಗೊಳಿಸದು. ಆಗಿರುವ ಗಾಯ ಹೊರಗಿನದು, ಅಳೆಯಬಲ್ಲದ್ದು; ಮದ್ದೂ ಹೊರಗೇ ನಡೆಯಬೇಕು.

ಪುನಶ್ಚೇತನದ ಹಣದ ಪ್ರಶ್ನೆಗೆ ಮಹಾಭಾರತದ ಯಯಾತಿಯ ಕಥೆ ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ. ಮಗನ ಯೌವನ ಪಡೆದ ಯಯಾತಿಯನ್ನು ಎಲ್ಲರೂ ಬಲ್ಲರು. ಸ್ವರ್ಗಕ್ಕೇರಿ ಅಲ್ಲಿಂದ ಬಿದ್ದ ಯಯಾತಿ ಅಷ್ಟು ಪರಿಚಿತನಲ್ಲ. ತಪಸ್ಸಿನಲ್ಲಿ ನಿನಗೆ ಸಮಾನರು ಯಾರೆಂದು ಇಂದ್ರ ಕೇಳಿದಾಗ, ದೇವತೆಗಳಲ್ಲೂ ಋಷಿಗಳಲ್ಲೂ ಯಾರೂ ಇಲ್ಲವೆಂದು ಉತ್ತರಿಸಿದ್ದೇ ಅವನ ಪತನಕ್ಕೆ ಕಾರಣ. ಉದ್ಯೋಗಪರ್ವದ ಕಥನದಲ್ಲಿ ಅವನನ್ನು ಮೇಲೆತ್ತಲು ತಮ್ಮ ಪುಣ್ಯ ಕೊಡುವವರು ಮಗಳ ಮಕ್ಕಳು ಮತ್ತು ಸ್ವತಃ ಮಗಳು ಮಾಧವಿ. ಯಾರಿವಳು? ವಿಶ್ವಾಮಿತ್ರನ ಶಿಷ್ಯ ಗಾಲವನ ಗುರುದಕ್ಷಿಣೆಗೆ ಬೇಕಾದ ಎಂಟುನೂರು ಕುದುರೆಗಳನ್ನು ತಾನು ಕೊಡಲಾರದೆ ತಂದೆ ದಾನವಾಗಿ ಕೊಟ್ಟವಳು. ಒಬ್ಬ ರಾಜನಿಂದ ಇನ್ನೊಬ್ಬನಿಗೆ, ಕೊನೆಗೆ ವಿಶ್ವಾಮಿತ್ರನಿಗೆ, ಮಗನೊಬ್ಬನನ್ನು ಹೆತ್ತುಕೊಡಲು ಕಳಿಸಲ್ಪಟ್ಟವಳು. ತಂದೆಯ ಔದಾರ್ಯದ ಹೆಸರಿಗಾಗಿ ನಷ್ಟಕ್ಕೀಡಾದವಳೇ ತಂದೆಯ ಪತನದ ಖರ್ಚನ್ನೂ ಭರಿಸುತ್ತಾಳೆ. ಕಥೆ ಇದನ್ನು ಪಿತೃಭಕ್ತಿಯೆಂದು ಹೊಗಳುತ್ತದೆ. ನನಗೆ ಅದು ಒಪ್ಪಿಗೆಯಾಗಿಲ್ಲ.

ಯಾಕೆಂದರೆ ಇದೇ ಲೆಕ್ಕಾಚಾರ ನಮ್ಮ ಕಣ್ಣೆದುರು ನಡೆದಿದೆ. ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಉಳಿದ ಜಾಗದಲ್ಲಿ ಹೂಳಿದೆ. ಹೂಳಿಗೆ ಗಣಿಯೊಂದೇ ಕಾರಣವೆಂದರೆ ತಪ್ಪಾಗುತ್ತದೆ. ಮೇಲ್ಭಾಗದ ಕಾಡುನಾಶ, ಉಳುಮೆಯ ಮಣ್ಣು, ಹಲವು ದಶಕಗಳ ಸವಕಳಿ ಎಲ್ಲವೂ ಅದರಲ್ಲಿ ಸೇರಿವೆ. ಗಣಿಮಣ್ಣಿಗೂ ಅದರಲ್ಲಿ ಪಾಲಿದೆಯೆಂಬುದು ರೈತರ ಹಳೆಯ ದೂರು. ಕಳೆದುಹೋದ ನೀರಿನ ಕೊರತೆ ಮೊದಲು ತಟ್ಟುವುದು ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ, ಅಂದರೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಹೊಲಗಳಿಗೆ. ಒಂದು ಟನ್ ಅದಿರನ್ನೂ ಮಾರದ ಆ ರೈತ ಮಾಧವಿಯ ಜಾಗದಲ್ಲಿ ನಿಂತಿದ್ದಾನೆ. ಗಣಿಬಾಧಿತ ಪ್ರದೇಶದ ಪುನಶ್ಚೇತನ ಯೋಜನೆಯ ನಕ್ಷೆಯಲ್ಲಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿವೆ; ರಾಯಚೂರಾಗಲಿ ಕೊಪ್ಪಳವಾಗಲಿ ಅದರಲ್ಲಿಲ್ಲ.

ಗಣಿ ಅಗೆದ ಜಾಗವನ್ನು ಮಾತ್ರ ಬಾಧಿತವೆಂದು ಕರೆದರೆ ಆ ನಕ್ಷೆ ಸರಿಯಾಗಿಯೇ ಇದೆ. ಆದರೆ ಅಗೆದ ಮಣ್ಣು ಅಗೆದ ಜಾಗದಲ್ಲೇ ಉಳಿಯಲಿಲ್ಲ. ಜಲಾಶಯದ ಹೂಳಿನಲ್ಲಿ ಗಣಿ ಪ್ರದೇಶದಿಂದ ಬಂದದ್ದು ಎಷ್ಟು ಎಂಬುದನ್ನು ಮಣ್ಣಿನ ಪರೀಕ್ಷೆಯಿಂದ ಬೇರ್ಪಡಿಸಿ ಅಳೆಯುವುದು ಅಸಾಧ್ಯವಾದ ಕೆಲಸವಲ್ಲ. ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣು ತನ್ನ ಮೂಲವನ್ನು ತಾನೇ ತೋರಿಸಿಕೊಡುತ್ತದೆ. ಉತ್ಪಾದನೆಯ ಮಿತಿಯನ್ನು ಮತ್ತೆ ಏರಿಸಬೇಕೆಂಬ ಬೇಡಿಕೆ ಬಂದಾಗಲೆಲ್ಲ ಮೊದಲು ಆ ಅಳತೆ ನಡೆಯಬೇಕು, ಅದರಲ್ಲಿ ಕಂಡುಬಂದ ಪಾಲಿಗೆ ತಕ್ಕ ಹಣ ಕಾಲುವೆಯ ಕೊನೆ ಭಾಗಕ್ಕೂ ಹೋಗಬೇಕು, ಹಣದ ಬಳಕೆಯನ್ನು ತೀರ್ಮಾನಿಸುವ ಸಭೆಗಳಲ್ಲಿ ಸಂಡೂರಿನ ಹಳ್ಳಿಗಳವರ ಜತೆ ಮಾನ್ವಿಯ ರೈತರೂ ಕೂರಬೇಕು. ಎಲ್ಲರಿಗೂ ಮುಟ್ಟಿತೇ ಎಂಬ ಪ್ರಶ್ನೆಗೆ ಮುಟ್ಟಿತು ಎಂದು ಸರ್ಕಾರ ಈಗಲೇ ಹೇಳುವ ಹಾಗಿಲ್ಲ.